ಗಾಳಿಯ ಜಮಾ-ಖರ್ಚು

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಬಂದು "ಈ ಸಲ ನೀವು ಮಾತಾಡಬೇಕು" ಎಂದು ಅಪ್ಪಣೆ ಮಾಡಿದಾಗ ನಾನು ಬಹಳ ಹಿಂಜರಿದೆ. ಈ ವೇದಿಕೆಯಿಂದ ಕವಿಗಳು, ವಿದ್ವಾಂಸರು ಆಡಿದ ಮಾತುಗಳನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದವನು ನಾನು. ಪಂಪನನ್ನು ಕುರಿತಾಗಲಿ ಕುಮಾರವ್ಯಾಸನನ್ನು ಕುರಿತಾಗಲಿ ನಾಲ್ಕು ಮಾತಾಡುವ ಅಧಿಕಾರ ನನಗಿಲ್ಲ. ನಾನು ಬ್ಯಾಂಕಿನ ಗುಮಾಸ್ತ, ಓದಿದ್ದು ಬಿ.ಕಾಂ.; ಬಲ್ಲದ್ದು ಜಮಾ ಮತ್ತು ಖರ್ಚು. ಆದ್ದರಿಂದ ಅದನ್ನು ಕುರಿತೇ ಮಾತಾಡುತ್ತೇನೆ. ಹಣದ ಜಮಾ-ಖರ್ಚಲ್ಲ, ಗಾಳಿಯದು. ಹೋಟೆಲು, ಕಚೇರಿ, ಕಾರ್ಖಾನೆ, ಸಭಾಗೃಹ ಇವುಗಳೊಳಗೆ ಗಾಳಿ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ, ಹೋದದ್ದಕ್ಕೆ ಬದಲು ಬಾರದಿದ್ದರೆ ಏನಾಗುತ್ತದೆ, ಇಷ್ಟೇ ವಿಷಯ.

ಇದನ್ನೇ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಹೊರಗೆ ಸೂಚನಾ ಫಲಕದ ಮೇಲೆ ಅಂಟಿಸಿರುವ ನಮ್ಮ ಸಭಾಗೃಹದ ದುರಸ್ತಿಯ ನಕ್ಷೆ. ಅದರ ಮಾತನ್ನು ಕೊನೆಯಲ್ಲಿ ಎತ್ತುತ್ತೇನೆ. ಇನ್ನೊಂದು ಕಾರಣ ನನ್ನ ತಂದೆಯವರು.

ತಂದೆಯವರು ಕುಂದಾಪುರದ ಕಡೆಯ ಹಳ್ಳಿಯೊಂದರಿಂದ ಹದಿನೈದನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದರು. ಹೋಟೆಲಿಗೆ ಕ್ಲೀನರಾಗಿ ಸೇರಿ, ಬಟಾಟೆ ಸುಲಿದು, ಹಿಟ್ಟು ರುಬ್ಬಿ, ಕಡೆಗೆ ದೋಸೆಯ ಕಾವಲಿಯ ಮುಂದೆ ನಿಂತರು. ಇಪ್ಪತ್ತಾರು ವರ್ಷ ನಿಂತರು. ಹೋಟೆಲಿನ ಹೆಸರು ಬೇಡ. ಈಗ ಅದು ಇಲ್ಲ. ಸಾಹುಕಾರರೂ ಕೆಟ್ಟವರಲ್ಲ, ನನ್ನ ಶಾಲೆಯ ಪುಸ್ತಕಗಳಿಗೆ ಎಷ್ಟೋ ಸಲ ಗಲ್ಲೆಯಿಂದ ಹಣ ಕೊಟ್ಟವರು. ಆದರೆ ಅಡಿಗೆಮನೆ ಹೇಗಿತ್ತೆಂದು ಹೇಳಬೇಕು. ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲ, ಹತ್ತಡಿ ಎತ್ತರ. ಅದರೊಳಗೆ ಎರಡು ಭಟ್ಟಿ, ಒಂದು ಕಾವಲಿ, ಸಾಂಬಾರಿನ ಹಂಡೆ, ಆರು ಜನ. ಗೋಡೆಯಲ್ಲಿ ದೊಡ್ಡದೊಂದು ಎಕ್ಸಾಸ್ಟ್ ಫ್ಯಾನು. ಹೊಗೆ ಹೋಗುವುದಿಲ್ಲವೆಂದು ಎಲ್ಲರೂ ದೂರಿದ್ದಕ್ಕೆ ಸಾಹುಕಾರರು ಅದರ ಪಕ್ಕದಲ್ಲಿ ಇನ್ನೊಂದನ್ನು ಕೂರಿಸಿದರು. ಎರಡೂ ವಿಮಾನದಂತೆ ಸದ್ದು ಮಾಡುತ್ತಿದ್ದವು. ಹೊಗೆ ಮಾತ್ರ ತಲೆಯ ಮಟ್ಟದಲ್ಲಿ ನಿಂತೇ ಇರುತ್ತಿತ್ತು.

ಹಿಂದೆ ಗಲ್ಲಿಗೆ ತೆರೆಯುವ ಬಾಗಿಲೊಂದಿತ್ತು. ಇಲಿ ಬರುತ್ತವೆಂದು ಅದಕ್ಕೆ ಯಾವಾಗಲೂ ಚಿಲಕ. (ಸಕ್ಕರೆ, ಕಾಫಿಪುಡಿ ಆ ಬಾಗಿಲಿನಿಂದ ಹೊರಗೆ ಹೋಗುತ್ತವೆಂಬ ಶಂಕೆಯೂ ಇತ್ತೆನ್ನಿ.) ರಜೆಯ ದಿನ ದೋಸೆಯ ಆಸೆಗೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಸಾಹುಕಾರರು ಗಲ್ಲೆ ಬಿಟ್ಟು ಅತ್ತ ಸರಿದೊಡನೆ ತಂದೆಯವರು, "ಮಗಾ, ಬಾಗ್ಲಿಗೆ ಡಬ್ಬ ಕೊಡ್. ಫ್ಯಾನಿಗೂ ಉಸ್ರ್ ತಕಂಬುಕೆ ಗಾಳಿ ಬೇಕಲ್ದಾ?" ಎನ್ನುತ್ತಿದ್ದರು. ನಾನು ಚಿಲಕ ತೆಗೆದು, ಎಣ್ಣೆಯ ಖಾಲಿ ಡಬ್ಬವನ್ನು ಅಡ್ಡವಿಟ್ಟು, ಬಾಗಿಲನ್ನು ಗೇಣಗಲ ತೆರೆದಿಡುತ್ತಿದ್ದೆ. ಕಣ್ಣಾರೆ ಕಂಡದ್ದು ಹೇಳುತ್ತೇನೆ: ಕಾಲಿನ ಬಳಿ ತಣ್ಣಗೆ ಗಾಳಿ ಹರಿದು ಬರುತ್ತಿತ್ತು, ನಿಂತಿದ್ದ ಹೊಗೆ ಎದ್ದು, ಸಾಲಾಗಿ ಫ್ಯಾನಿನ ಕಡೆಗೆ ನಡೆಯುತ್ತಿತ್ತು. ಸಾಹುಕಾರರು ಬಂದು ಡಬ್ಬವನ್ನು ಕಾಲಿನಿಂದ ಸರಿಸಿ ಚಿಲಕ ಹಾಕುತ್ತಿದ್ದರು. ಹೊಗೆ ಮತ್ತೆ ತಲೆಯ ಮಟ್ಟಕ್ಕೆ ಇಳಿಯುತ್ತಿತ್ತು. ಈ ಆಟ ವರ್ಷಗಟ್ಟಲೆ ನಡೆಯಿತು.

ಈಗ ತಂದೆಯವರು ಚಾಳಿನ ಎರಡು ಮಾಳಿಗೆ ಹತ್ತುವಾಗ ನಾಲ್ಕು ಕಡೆ ನಿಲ್ಲುತ್ತಾರೆ. ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ವೈದ್ಯರು ಎದೆಗೆ ಕೊಳವೆಯಿಟ್ಟು ನೋಡಿ, ಮೊದಲು ಕೇಳಿದ ಪ್ರಶ್ನೆ, "ಏನು ಕೆಲಸ ಮಾಡುತ್ತಿದ್ದಿರಿ?" ಎಂದು.

ಮೂರನೆಯ ತರಗತಿಯವರೆಗೆ ಓದಿದ ತಂದೆಯವರು ಡಬ್ಬದಿಂದ ಮಾಡಿ ತೋರಿಸಿದ್ದೇನು? ನಮ್ಮ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಜೋಡಿ ನಮೂದಿನ ಲೆಕ್ಕ. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗ್ರಂಥ ವ್ಯಾಪಾರಿಗಳಿಗೆ ಕಲಿಸಿದ ಪಾಠವೇ ಇದು: ಒಂದು ಕಡೆ ಬರೆದದ್ದಕ್ಕೆ ಎದುರು ಕಡೆಯಲ್ಲಿ ಅಷ್ಟೇ ಮೊತ್ತ ಬೀಳಲೇಬೇಕು. ಗಾಳಿಯೂ ಹಾಗೆಯೇ. ಕೋಣೆಯೆಂದರೆ ಬಕೆಟ್ಟಿನಿಂದ ಮೊಗೆದು ಬರಿದು ಮಾಡುವ ತೊಟ್ಟಿಯಲ್ಲ. ಫ್ಯಾನು ಹೊರಗೆಸೆದಷ್ಟು ಗಾಳಿ ಬೇರೆ ಕಡೆಯಿಂದ ಒಳಗೆ ಬರಬೇಕು. ಬರುವ ದಾರಿ ಇಲ್ಲದಿದ್ದರೆ ಕೋಣೆಯೊಳಗಿನ ಒತ್ತಡ ಕುಗ್ಗುತ್ತದೆ. ರೆಕ್ಕೆಯ ಸಾಧಾರಣ ಫ್ಯಾನಿಗೆ ಆ ಸೆಳೆತದ ಎದುರು ದುಡಿಯುವ ಶಕ್ತಿಯಿಲ್ಲ. ಅದು ತಿರುಗುತ್ತದೆ, ಸದ್ದು ಮಾಡುತ್ತದೆ, ವಿದ್ಯುತ್ತಿನ ಬಿಲ್ಲನ್ನೂ ಏರಿಸುತ್ತದೆ. ಗಾಳಿ ಮಾತ್ರ ಹೋಗುವುದಿಲ್ಲ. ಪಕ್ಕದಲ್ಲಿ ಎರಡನೆಯ ಫ್ಯಾನನ್ನು ಹಚ್ಚಿದರೆ ಬಲಹೀನವಾದ ಒಂದರ ಮೂಲಕವೇ ಹೊರಗಿನ ಗಾಳಿ ಹಿಂದಕ್ಕೆ ನುಗ್ಗುವುದೂ ಉಂಟು. ಸಾಹುಕಾರರು ಖರ್ಚಿನ ಕಡೆಗೆ ಇನ್ನೊಂದು ನಮೂದು ಸೇರಿಸಿದರು. ಜಮೆಯ ಪುಟಕ್ಕೆ ಚಿಲಕ ಹಾಕಿದ್ದರು.

ಗಾಳಿಯೆಂದರೆ ತೂಕವಿಲ್ಲದ ವಸ್ತುವೆಂದು ನಾವು ಭಾವಿಸುತ್ತೇವೆ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಆರಡಿಯ ಹುಡ್ ಒಂದು ನಿಮಿಷಕ್ಕೆ 1500 ಘನ ಅಡಿ ಗಾಳಿ ಎಳೆಯುತ್ತದೆನ್ನಿ. ಹೋಟೆಲಿನ ಅಡಿಗೆಮನೆಗೆ ಇದು ದೊಡ್ಡ ಮೊತ್ತವೇನಲ್ಲ. ತೂಕಕ್ಕೆ ಇಳಿಸಿದರೆ ಸುಮಾರು ಐವತ್ತು ಕಿಲೋ. ಅಂದರೆ ನಿಮಿಷಕ್ಕೊಂದು ಅಕ್ಕಿಯ ಮೂಟೆ ಹೊರಗೆ ಹೋದಂತೆ. ದಿನಕ್ಕೆ ಹತ್ತು ಗಂಟೆ ಹೋಟೆಲು ನಡೆದರೆ ಆರುನೂರು ಮೂಟೆ. ಇಷ್ಟು ಮಾಲು ಹೊರಗೆ ಹೋಗುವ ಉಗ್ರಾಣಕ್ಕೆ ಮಾಲು ಒಳಗೆ ಬರುವ ಬಾಗಿಲೇ ಇಲ್ಲವೆಂದರೆ ಯಾವ ಲೆಕ್ಕ ತಪಾಸಣೆಯವರು ಒಪ್ಪಿಯಾರು?

ದಾರಿ ಕೊಡದಿದ್ದರೂ ಗಾಳಿ ಕಳ್ಳದಾರಿಯಿಂದ ಬರುತ್ತದೆ. ಶೌಚಾಲಯದ ಬಾಗಿಲ ಸಂದಿನಿಂದ, ಮೋರಿಯ ಕೊಳವೆಯಿಂದ, ಪಕ್ಕದ ಅಂಗಡಿಯ ಬಿರುಕಿನಿಂದ ಬರುತ್ತದೆ. ಎಷ್ಟು ಫಿನಾಯಿಲ್ ಹಾಕಿ ತೊಳೆದರೂ ಈ ಹೋಟೆಲಿನಲ್ಲಿ ಮೋರಿಯ ವಾಸನೆ ಹೋಗುವುದಿಲ್ಲವಲ್ಲ ಎಂದು ಕೊರಗುವವರಿದ್ದಾರೆ. ದೋಷ ತೊಳೆಯುವ ಹುಡುಗನದ್ದಲ್ಲ, ಫ್ಯಾನು ಮೋರಿಯಿಂದಲೇ ಉಸಿರೆಳೆಯುತ್ತಿದೆ. ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಇದ್ದಿಲಿನ ಭಟ್ಟಿಯ ಹೊಗೆ ಮೇಲೆ ಹೋಗಬೇಕಾದ ಕೊಳವೆಯಲ್ಲಿ, ಒಳಗಿನ ಸೆಳೆತದಿಂದ, ಹಿಮ್ಮುಖವಾಗಿ ಇಳಿದು ಬರಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಂದಿರಲ್ಲಿ ಒಂದು ಅರಿಕೆ: ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇದ್ದು, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ ಸ್ನಾನ ಮಾಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ, ಇಂದೇ ನಿಲ್ಲಿಸಿ. ಇದೇ ವಾಯುವಿನಿಂದ ಸ್ನಾನದ ಮನೆಯಲ್ಲೇ ಪ್ರಾಣ ಹೋದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಸಭೆಯಲ್ಲಿರುವ ಹೋಟೆಲು ಉದ್ಯಮದ ಹಿರಿಯರಿಗೆ ರೂಪಾಯಿಯ ಭಾಷೆಯಲ್ಲೂ ಹೇಳುತ್ತೇನೆ. ಈಗ ಊಟದ ಹಾಲಿಗೆ ಎ.ಸಿ. ಹಾಕದೆ ಗಿರಾಕಿ ಬರುವುದಿಲ್ಲ. ಅಡಿಗೆಮನೆಗೆ ಬೇರೆ ಗಾಳಿ ಕೊಡದಿದ್ದರೆ ಹುಡ್ಡು ಆ ತಣ್ಣನೆಯ ಗಾಳಿಯನ್ನೇ ಎಳೆಯುತ್ತದೆ. 1500ರಲ್ಲಿ ಅರ್ಧ ಗಾಳಿ ಹಾಲಿನಿಂದ ಬಂತೆನ್ನಿ. ಅದರ ಬದಲಿಗೆ ರಸ್ತೆಯ ಸೆಖೆ ಹಾಲಿಗೆ ನುಗ್ಗುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ ಅದನ್ನು ತಣಿಸಿ, ಅದರ ತೇವ ತೆಗೆಯಲು ಸುಮಾರು ನಾಲ್ಕು ಟನ್ನಿನ ಎ.ಸಿ. ದುಡಿಯಬೇಕು. ದುಡಿದದ್ದೆಲ್ಲ ಚಿಮಣಿಯಲ್ಲಿ ಹೋಯಿತು. ಅದರ ಬದಲು ಹೊರಗಿನಿಂದ ಗಾಳಿಯನ್ನು ಸೋಸಿ ತರುವ ಫ್ಯಾನೊಂದನ್ನು ಅಡಿಗೆಮನೆಗೇ ಕೊಟ್ಟರೆ ಸಾಕು. ಹೋಗುವ ಗಾಳಿಯಲ್ಲಿ ರೂಪಾಯಿಗೆ ಹದಿಮೂರಾಣೆಯಷ್ಟನ್ನು ಅದು ತುಂಬಿಕೊಡಲಿ. ಉಳಿದ ಮೂರಾಣೆ ಊಟದ ಹಾಲಿನಿಂದ ಬರಲಿ. ಪೂರ್ತಿ ತುಂಬಿಕೊಡುವುದು ಬೇಡ. ಕೊಟ್ಟರೆ ಒಗ್ಗರಣೆಯ ಘಾಟು ಗಿರಾಕಿಯ ಮೂಗಿಗೆ ಹೋಗುತ್ತದೆ. ಗಾಳಿ ತರುವ ಬಾಯಿ ಕಸದ ತೊಟ್ಟಿ, ಜನರೇಟರಿನ ಹೊಗೆ, ನಿಮ್ಮದೇ ಚಿಮಣಿ ಇವುಗಳಿಂದ ದೂರವಿರಬೇಕು. ಬರುವ ಗಾಳಿ ಮೆಲ್ಲಗೆ ಬರಬೇಕು, ಹುಡ್ಡಿನ ಹೊಗೆಯನ್ನು ಚದರಿಸಬಾರದು. ಇಷ್ಟು ನೋಡಿಕೊಂಡರೆ ಕಾವಲಿಯ ಮುಂದೆ ನಿಂತವನಿಗೂ ಗಲ್ಲೆಯ ಮುಂದೆ ಕುಳಿತವರಿಗೂ ಲಾಭವೇ.

ಕಾರ್ಖಾನೆಗಳಲ್ಲೂ ಧರ್ಮ ಇದೇ, ಗಾತ್ರ ಮಾತ್ರ ದೊಡ್ಡದು. ಬೆಸುಗೆಯ ಹೊಗೆ, ಬಣ್ಣ ಸಿಂಪಡಿಸುವ ಕೋಣೆಯ ಆವಿ ಹೊರಗೆ ಹೋಗಬೇಕಾದರೆ ಶುದ್ಧ ಗಾಳಿ ಇನ್ನೊಂದು ಕಡೆಯಿಂದ ಬಂದು, ಕೆಲಸಗಾರನನ್ನು ದಾಟಿ, ಆ ಮೇಲೆ ಹೊಗೆಯ ಮೂಲವನ್ನು ಮುಟ್ಟಬೇಕು. ದಿಕ್ಕು ತಪ್ಪಿದರೆ ಹೊಗೆ ಮೊದಲು ಅವನ ಮೂಗಿಗೆ ಹೋಗುತ್ತದೆ. 1948ರ ಕಾರ್ಖಾನೆ ಕಾಯಿದೆ ಒಬ್ಬ ಕೆಲಸಗಾರನಿಗೆ 500 ಘನ ಅಡಿ ಸ್ಥಳವಿರಬೇಕೆಂದು ವಿಧಿಸಿತು. ನೆಲದಿಂದ 14 ಅಡಿಗಿಂತ ಮೇಲಿನ ಜಾಗವನ್ನು ಲೆಕ್ಕಕ್ಕೆ ಹಿಡಿಯಬಾರದೆಂದೂ ಹೇಳಿತು. ಜಾಣತನದ ಮಾತು. ಆದರೆ ಸ್ಥಳ ಬೇರೆ, ಗಾಳಿ ಬೇರೆ. ಐನೂರು ಘನ ಅಡಿಯ ಪೆಟ್ಟಿಗೆಯಲ್ಲಿ ಮನುಷ್ಯನನ್ನಿಟ್ಟು ಮುಚ್ಚಿದರೆ ಆ ಠೇವಣಿ ಎಷ್ಟು ಹೊತ್ತು ಬಂದೀತು? ಇದೇ ಊರಿನ ಹತ್ತಿ ಗಿರಣಿಗಳಲ್ಲಿ ಗಾಳಿಗೆ ತೇವ ಕೊಡುವ ಯಂತ್ರಗಳಿದ್ದವು. ಅವು ಮುಖ್ಯವಾಗಿ ಇದ್ದದ್ದು ನೂಲು ಹರಿಯದಿರಲೆಂದು. ನೂಲಿಗೆ ಸಿಕ್ಕ ಉಪಚಾರ ನೂಲುವವನ ಎದೆಗೂ ಅಷ್ಟೇ ಸಿಕ್ಕಿದ್ದರೆ ಚೆನ್ನಾಗಿತ್ತು.

ಇನ್ನು ನಮ್ಮಂಥ ಕಚೇರಿಯವರ ಕಥೆ. ನಾವು ಹೊಗೆಯಲ್ಲಿಲ್ಲ, ತಂಪಿನಲ್ಲಿದ್ದೇವೆ, ಆದ್ದರಿಂದ ಸುಖಿಗಳೆಂದು ತಿಳಿದಿದ್ದೇವೆ. ನಮ್ಮ ಶಾಖೆಯಲ್ಲಿ ಗೋಡೆಗೆ ತೂಗುಹಾಕಿದ ಸ್ಪ್ಲಿಟ್ ಎ.ಸಿ.ಗಳು ಆರು. ಒಂದು ಪೆಟ್ಟಿಗೆ ಒಳಗೆ, ಒಂದು ಹೊರಗೆ. ಹೊರಗಿನದು ಗಾಳಿ ಎಳೆದು ಒಳಗಿನದಕ್ಕೆ ಕಳಿಸುತ್ತದೆಂದು ನಾನೂ ಬಹುಕಾಲ ನಂಬಿದ್ದೆ. ಹಾಗಲ್ಲ. ನಡುವಣ ತಾಮ್ರದ ಕೊಳವೆಯಲ್ಲಿ ಹರಿಯುವುದು ತಂಪು ಮಾಡುವ ದ್ರವ್ಯವೇ ಹೊರತು ಗಾಳಿಯಲ್ಲ. ಒಳಗಿನ ಪೆಟ್ಟಿಗೆ ನಾವು ಬಿಟ್ಟ ಉಸಿರನ್ನೇ ತಣಿಸಿ ನಮಗೇ ಹಿಂದಿರುಗಿಸುತ್ತದೆ. ಹಳೆಯ ನೋಟನ್ನು ಇಸ್ತ್ರಿ ಮಾಡಿ ಕೌಂಟರಿನಲ್ಲಿ ಕೊಟ್ಟ ಹಾಗೆ.

ಮಧ್ಯಾಹ್ನ ಮೂರಕ್ಕೆ ತಲೆ ಭಾರವಾಗುವುದು, ಅಂಕಿಗಳು ಕಣ್ಣ ಮುಂದೆ ಕುಣಿಯುವುದು ನಮ್ಮಲ್ಲಿ ಎಲ್ಲರಿಗೂ ಇತ್ತು. ಊಟದ ಮಹಿಮೆಯೆಂದು ನಗುತ್ತಿದ್ದೆವು. ಪಿಡುಗಿನ ವರ್ಷಗಳಾದ ಮೇಲೆ ನಾನೊಂದು ಚಿಕ್ಕ ಮಾಪಕ ಕೊಂಡೆ. ಶಾಲೆಯ ಮಕ್ಕಳು ಈಗ ಕಾರ್ಬನ್ ಡೈಆಕ್ಸೈಡ್ ಎನ್ನುವ ಇಂಗಾಲಾಮ್ಲ ವಾಯುವನ್ನು ಅದು ಅಳೆಯುತ್ತದೆ. ಹೊರಗಿನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈಗ ಸುಮಾರು 420 ಪಾಲು ಇದೆ. ನಾವು ಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು ನಾಲ್ಕು. ನಮ್ಮ ಶಾಖೆಯಲ್ಲಿ ಬೆಳಗ್ಗೆ ಬೀಗ ತೆಗೆದಾಗ 480 ತೋರಿಸಿದ್ದು ಮೂರು ಗಂಟೆಗೆ 1900 ದಾಟಿತ್ತು. ಮ್ಯೂನಿಕ್ ನಗರದ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ, ಜನರಿರುವ ಕೋಣೆಯಲ್ಲಿ ಇದು ಸಾವಿರವನ್ನು ಮೀರಬಾರದೆಂದು ಹೇಳಿದ್ದ. ಆ ಅಳತೆಯಲ್ಲಿ ಈ ವಾಯುವೇ ವಿಷವೆಂದಲ್ಲ. ಕೋಣೆಯಲ್ಲಿ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಎಳೆಯುತ್ತಿದ್ದಾರೆಂಬುದಕ್ಕೆ ಅದು ಸಾಕ್ಷಿ. ಮ್ಯಾನೇಜರರಿಗೆ ಅಂಕಿಗಳನ್ನು ಬರೆದು ಕೊಟ್ಟೆ. ಹಿಂಬದಿಯ ಎರಡು ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದಿಡಲು ಒಪ್ಪಿದರು. ಮಾಪಕ ಒಂಬೈನೂರಕ್ಕೆ ಇಳಿಯಿತು. ಎ.ಸಿ.ಯ ಬಿಲ್ಲು ಸ್ವಲ್ಪ ಏರಿತೆಂಬುದನ್ನೂ ಮರೆಮಾಚುವುದಿಲ್ಲ.

ಈ ಬಿಲ್ಲಿನ ಭಯವೇ ಲೋಕವನ್ನು ಕೆಡಿಸಿದ್ದು. 1973ರ ತೈಲದ ಬಿಕ್ಕಟ್ಟಿನ ಬಳಿಕ ಅಮೆರಿಕದಲ್ಲಿ ಇಂಧನ ಉಳಿಸಲೆಂದು ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿದರು. ಅಲ್ಲಿಯ ಇಂಜಿನಿಯರುಗಳ ಸಂಸ್ಥೆ 1981ರಲ್ಲಿ ಕಚೇರಿಯ ಒಬ್ಬನಿಗೆ ನಿಮಿಷಕ್ಕೆ ಐದು ಘನ ಅಡಿ ಹೊಸ ಗಾಳಿ ಸಾಕೆಂದಿತು. ಕಟ್ಟಡದೊಳಗೆ ತಲೆನೋವು, ಕಣ್ಣುರಿ, ದಣಿವು, ಹೊರಗೆ ಬಂದರೆ ಎಲ್ಲ ಮಾಯ ಎಂಬ ದೂರುಗಳು ಅಲ್ಲಿ ಹೆಚ್ಚಿದವು. 1989ರಲ್ಲಿ ಅದೇ ಸಂಸ್ಥೆ ಐದನ್ನು ಇಪ್ಪತ್ತಕ್ಕೆ ಏರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದೂ ಹೆಚ್ಚು ಕಡಿಮೆ ಅಷ್ಟೇ: ಒಬ್ಬನಿಗೆ ಸೆಕೆಂಡಿಗೆ ಹತ್ತು ಲೀಟರ್, ಅಂದರೆ ನಿಮಿಷಕ್ಕೆ 21 ಘನ ಅಡಿ.

ಅದನ್ನು ಹೇಳಿಸಿದ್ದು 2020ರ ಪಿಡುಗು. ಆ ವರ್ಷ ಜನವರಿ 24ರಂದು ಚೀನದ ಗುವಾಂಗ್‌ಝೌ ನಗರದ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಮೇಜುಗಳಿಗೆ ಮೂರು ಕುಟುಂಬಗಳು ಊಟಕ್ಕೆ ಕುಳಿತವು. ಒಂದು ಕುಟುಂಬ ವುಹಾನಿನಿಂದ ಬಂದಿತ್ತು. ಮೂರೂ ಕುಟುಂಬಗಳಲ್ಲಿ ಒಟ್ಟು ಹತ್ತು ಜನರಿಗೆ ರೋಗ ತಗುಲಿತು. ಕಿಟಕಿಯಿಲ್ಲದ ಹಾಲು, ಎ.ಸಿ. ಆ ಮೂರು ಮೇಜುಗಳ ಮೇಲೆ ಅದೇ ಗಾಳಿಯನ್ನು ಸುತ್ತಿಸುತ್ತಿತ್ತು; ಎಕ್ಸಾಸ್ಟ್ ಫ್ಯಾನುಗಳನ್ನು ಮುಚ್ಚಿಬಿಟ್ಟಿದ್ದರೆಂದು ಮುಂದೆ ಪರೀಕ್ಷಿಸಿದವರು ಕಂಡುಕೊಂಡರು.

ನಮ್ಮ ಮುಂಬಯಿಗೆ ಈ ಪಾಠ ಹೊಸದಲ್ಲ. 1896ರಲ್ಲಿ ಪ್ಲೇಗು ಬಂದಾಗ ಗಾಳಿ ಬೆಳಕಿಲ್ಲದ ಚಾಳುಗಳನ್ನು ಕಂಡು ಸರಕಾರ ಎಚ್ಚತ್ತಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಟ್ರಸ್ಟಿನವರು ಅರುವತ್ತಮೂರೂವರೆ ಡಿಗ್ರಿಯ ಒಂದು ನಿಯಮ ತಂದರು. ಸರಳವಾಗಿ ಹೇಳಿದರೆ, ಎದುರಿನ ಕಟ್ಟಡದ ಎತ್ತರ ನಡುವಣ ತೆರಪಿನ ಎರಡು ಪಟ್ಟನ್ನು ಮೀರಬಾರದು. ಪ್ಲೇಗು ಹರಡುವುದು ಇಲಿಯ ಚಿಗಟದಿಂದ. ಆ ದೃಷ್ಟಿಯಲ್ಲಿ ಅವರ ತರ್ಕ ಪೂರ್ತಿ ಸರಿಯಿರಲಿಲ್ಲ. ಆದರೆ ಕ್ಷಯದಂಥ ರೋಗಗಳಿಗೆ ಆ ತೆರಪು ಒಳ್ಳೆಯದೇ ಆಯಿತು.

"ಹೊರಗಿನ ಗಾಳಿಯೇ ಕೆಟ್ಟಿದೆಯಲ್ಲಪ್ಪಾ, ಅದನ್ನೇಕೆ ಒಳಗೆ ತರಬೇಕು?" ಎಂದು ಹಿರಿಯರೊಬ್ಬರು ನಿನ್ನೆ ಕೇಳಿದರು. ನ್ಯಾಯವಾದ ಪ್ರಶ್ನೆ. ಚಳಿಗಾಲದಲ್ಲಿ ಈ ಊರಿನ ಆಕಾಶ ನನಗೂ ಕಾಣುತ್ತದೆ. ನೀರು ಕಲುಷಿತವೆಂದು ನಾವು ಕುಡಿಯುವುದನ್ನು ಬಿಟ್ಟಿಲ್ಲ, ಸೋಸಿ ಕುಡಿಯುತ್ತೇವೆ. ಫ್ಯಾನಿನ ಮೂಲಕ ಬರುವ ಗಾಳಿಗೆ ಸೋಸುಕ ಹಾಕಬಹುದು; ಸಂದಿಗಳಿಂದ ನುಸುಳಿ ಬರುವ ಗಾಳಿಗೆ ಹಾಕುವಂತಿಲ್ಲ. ತಂಪಿನ ಖರ್ಚಿಗೂ ಉಪಾಯವುಂಟು. ಹೊರಹೋಗುವ ತಣ್ಣನೆಯ ಗಾಳಿಯೂ ಒಳಬರುವ ಬಿಸಿ ಗಾಳಿಯೂ ನಿಧಾನವಾಗಿ ತಿರುಗುವ ಒಂದೇ ಚಕ್ರವನ್ನು ಹಾಯ್ದು ಹೋಗುವ ಯಂತ್ರಗಳಿವೆ. ಒಳ್ಳೆಯ ಯಂತ್ರವಾದರೆ ವ್ಯರ್ಥವಾಗುವ ತಂಪಿನ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಜಿಡ್ಡಿನ ಹೊಗೆಯ ಅಡಿಗೆಮನೆಗೆ ಅದು ಆಗದು. ಕಚೇರಿಗೆ, ಸಭಾಗೃಹಕ್ಕೆ ಆಗುತ್ತದೆ.

ಸಭಾಗೃಹವೆಂದೆ, ನಮ್ಮ ನಕ್ಷೆಗೆ ಬರುತ್ತೇನೆ. ಅಧ್ಯಕ್ಷರ ಕ್ಷಮೆ ಕೋರಿ ಹೇಳುತ್ತೇನೆ. ಈ ಹಾಲು ಅರವತ್ತಡಿ ಉದ್ದ, ಮೂವತ್ತಡಿ ಅಗಲ, ಹದಿನಾಲ್ಕಡಿ ಎತ್ತರ. ಮೇಲೆ ನೋಡಿ: ಹನ್ನೆರಡು ಗವಾಕ್ಷಿಗಳಿವೆ. ಇದನ್ನು ಕಟ್ಟಿದ ಹಿರಿಯರು ಊರಿನ ಮನೆಯ ಬೆಳಕಿಂಡಿಗಳನ್ನು ನೆನೆದು ಇಟ್ಟವೋ ಏನೋ. ಹೊಸ ನಕ್ಷೆಯಲ್ಲಿ ಹನ್ನೆರಡೂ ಮುಚ್ಚುತ್ತವೆ. ಕಿಟಕಿಗಳಿಗೆ ಅಲುಗದ ಗಾಜು. ಎಂಟು ಸ್ಪ್ಲಿಟ್ ಎ.ಸಿ. ಹೊಸ ಗಾಳಿಗೆ ಒಂದು ಪೈಸೆಯ ನಮೂದೂ ಇಲ್ಲ. ನಾನು ಲೆಕ್ಕ ಹಾಕಿದೆ. ರಾಜ್ಯೋತ್ಸವದ ದಿನ ಇನ್ನೂರು ಜನ ಕುಳಿತು ಬಾಗಿಲು ಹಾಕಿದರೆ, ಪೆಟೆನ್‌ಕೋಫರನ ಸಾವಿರವನ್ನು ನಾವು ಏಳು ನಿಮಿಷದಲ್ಲಿ ಮುಟ್ಟುತ್ತೇವೆ. ನಾಡಗೀತೆ ಮುಗಿದು ಸ್ವಾಗತ ಭಾಷಣ ಅರ್ಧವಾಗಿರುತ್ತದೆ. ಅರ್ಧ ಗಂಟೆಗೆ ಮೂರು ಸಾವಿರದ ಹತ್ತಿರ. ಮುಖ್ಯ ಅತಿಥಿಗಳು ಮಾತಾಡುವಾಗ ಸಭಿಕರು ತೂಕಡಿಸಿದರೆ ಅಪರಾಧವೆಲ್ಲ ಅತಿಥಿಗಳದ್ದೇ ಆಗಿರುವುದಿಲ್ಲ.

ಎ.ಸಿ. ಬೇಡವೆನ್ನುವವನು ನಾನಲ್ಲ, ಮುದುಕರಿಗೆ, ಕೂಸುಗಳಿಗೆ ಸೆಖೆ ಆಗದು. ಇನ್ನೂರು ಜನರಿಗೆ ತಲೆಗೆ 21ರಂತೆ ನಿಮಿಷಕ್ಕೆ 4200 ಘನ ಅಡಿ ಗಾಳಿ ಬೇಕು. ಎಂದರೆ ಈ ಹಾಲಿನ ಗಾಳಿಯೆಲ್ಲ ಆರು ನಿಮಿಷಕ್ಕೊಮ್ಮೆ ಬದಲಾಗಬೇಕು. ಸಮಿತಿಯವರು ಒಬ್ಬ ಇಂಜಿನಿಯರರಿಂದ ಇದಕ್ಕೆ ತಗಲುವ ವೆಚ್ಚವನ್ನು ಬರೆಸಿ ತರಿಸಲಿ. ಗವಾಕ್ಷಿಗಳಲ್ಲಿ ಆರನ್ನಾದರೂ ಮುಚ್ಚದೆ, ಬೇಕಾದಾಗ ತೆರೆಯುವ ಕದ ಹಾಕಿಸಲಿ. ಹಿಂದಿನ ಅಡಿಗೆಮನೆಗೆ ಗಾಳಿ ತರುವ ಫ್ಯಾನೊಂದನ್ನು ಸೇರಿಸಲಿ. ಅಲ್ಲಿ ಇನ್ನೂರು ಜನರಿಗೆ ಬಿಸಿಬೇಳೆಬಾತು ಮಾಡುವ ಹುಡುಗರು ಕುಂದಾಪುರದ ಕಡೆಯವರೇ. ಒಂದಕ್ಕೂ ಹಣ ಸಾಲದಿದ್ದರೆ, ಎಂಟು ಎ.ಸಿ.ಗಳಲ್ಲಿ ಒಂದನ್ನು ಕಡಿಮೆ ಮಾಡಿ ಎಂದು ನನ್ನ ಬಿನ್ನಹ.

ಹೋಟೆಲು ನಡೆಸುವ ಮಹನೀಯರು ನನ್ನ ಮಾತನ್ನು ನಂಬಬೇಕಾದ್ದಿಲ್ಲ. ಎಲ್ಲ ಫ್ಯಾನುಗಳನ್ನೂ ಹಚ್ಚಿ, ಬಾಗಿಲು ಮುಚ್ಚಿ, ಉರಿಯುವ ಊದುಬತ್ತಿಯೊಂದನ್ನು ಹಿಂಬಾಗಿಲ ಸಂದಿನ ಬಳಿಯೂ, ಬಳಿಕ ಶೌಚಾಲಯದ ಬಾಗಿಲ ಬಳಿಯೂ ಹಿಡಿದು ನೋಡಿ. ನಿಮ್ಮ ಅಡಿಗೆಮನೆ ಎಲ್ಲಿಂದ ಉಸಿರೆಳೆಯುತ್ತಿದೆಯೆಂದು ಹೊಗೆಯೇ ಬೆರಳು ಮಾಡಿ ತೋರಿಸುತ್ತದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ನಮ್ಮ ಬ್ಯಾಂಕಿಗೆ ರಜೆ. ಕರೆದವರ ಹೋಟೆಲಿಗೆ ನಾನೇ ಬರುತ್ತೇನೆ. ಊದುಬತ್ತಿಯನ್ನೂ ಮಾಪಕವನ್ನೂ ನಾನು ತರುತ್ತೇನೆ. ಬಾಗಿಲಿಗೆ ಕೊಡಲು ಒಂದು ಖಾಲಿ ಡಬ್ಬ ಮಾತ್ರ ನಿಮ್ಮದಿರಲಿ.